ನೀರು ಇಳಿಯದ ತೊಟ್ಟಿ

ಮಾರ್ಚ್ 9, ಬೆಳಿಗ್ಗೆ 11.20. ಕಡಲಹೂವು ಪುತ್ತೂರಿನ ನಮ್ಮ ಮನೆಯ ಗಾಜಿನ ತೊಟ್ಟಿಗೆ ಇಳಿದದ್ದು ಆಗ. ಹೂವು ಎಂದರೂ ಅದು ಪ್ರಾಣಿ. ಕಲ್ಲಿಗೆ ಪಾದ ಅಂಟಿಸಿ ಕೂತು, ಎಳೆಗಳನ್ನು ಚಾಚಿ ಸಿಗಡಿಯ ಚೂರು ಹಿಡಿದು ತಿನ್ನುತ್ತದೆ. ಮಂಗಳೂರಿನ ಅಂಗಡಿಯವನು ಹೆಸರು ಹೇಳಲಿಲ್ಲ. "ಅಪರೂಪದ್ದು, ಬೇರೆ ಯಾರ ಹತ್ರವೂ ಇಲ್ಲ" ಎಂದಷ್ಟೇ ಹೇಳಿದ. ಅಪರೂಪದ್ದಾದರೆ ಇಷ್ಟು ಸುಲಭವಾಗಿ ಯಾಕೆ ಕೊಟ್ಟ? ಬಸ್ಸು ಮಾಣಿ ಎಂಬ ಊರು ದಾಟುವವರೆಗೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಅದರ ಪ್ರತಿ ಎಳೆಯ ಎರಡೂ ಬದಿಗೆ ಸಣ್ಣ ಕವಲುಗಳಿವೆ, ಜರಿಗಿಡದ ಎಲೆಯ ಹಾಗೆ. ಅಂತರ್ಜಾಲದ ಚಿತ್ರಗಳಲ್ಲಿ ಹತ್ತಿರದ್ದು ಕಂಡಿತೇ ಹೊರತು ಅದೇ ಕಾಣಲಿಲ್ಲ. ಬಣ್ಣ ಹಾಕಿ ಮಾರುತ್ತಾರೆ ಎಂದೂ ಓದಿದೆ. ಒಂದು ವಾರ ನೀರಿಗೆ ಬಣ್ಣ ಬಿಡುತ್ತದೆಯೇ ಎಂದು ಕಾದೆ. ಬಿಡಲಿಲ್ಲ.

ಭಾನುವಾರಕ್ಕೊಮ್ಮೆ ಗಾಜಿನ ಹೊರಗಿನಿಂದ ಸ್ಕೇಲ್ ಹಿಡಿದು ಅಗಲ ಅಳೆಯುತ್ತಿದ್ದೆ. ಮಾರ್ಚ್ ಕೊನೆಗೆ ಹನ್ನೊಂದು ಸೆಂಟಿಮೀಟರ್. ಏಪ್ರಿಲ್ ಮಧ್ಯಕ್ಕೆ ಎಂಟು. ತಿಂಗಳ ಕೊನೆಗೆ ಐದೂವರೆ. ಸಿಗಡಿ ಕೊಟ್ಟರೆ ಎಳೆಗಳು ಹಿಡಿಯದೆ ಜಾರಿಸಿಬಿಟ್ಟವು. ಹೀಗೇ ಹೋದರೆ ಅದು ಸಾಯುವುದು ಖಂಡಿತ ಎನಿಸಿತು.

ಮೊದಲು ತೊಟ್ಟಿಯ ನೀರಿಗೆ ಬೆರೆಸುವ ಉಪ್ಪಿನ ಪೊಟ್ಟಣವನ್ನು ಸಂಶಯಿಸಿದೆ, ಆಮೇಲೆ ದೀಪವನ್ನು. ನಂತರ ನೀರಿನ ಮಟ್ಟದ ಗುರುತಿಗೆಂದು ಗಾಜಿಗೆ ಅಂಟಿಸಿದ ಟೇಪು ಕಣ್ಣಿಗೆ ಬಿತ್ತು. ನೀರು ಆವಿಯಾಗಿ ಆ ಗೆರೆಯಿಂದ ಇಳಿದಾಗ ಶುದ್ಧೀಕರಿಸಿದ ಸಿಹಿನೀರು ಸೇರಿಸುವುದು ನನ್ನ ಕ್ರಮ. ಆದರೆ ಇಂಥ ಸೆಕೆಯಲ್ಲೂ ನೀರು ಗೆರೆಯಲ್ಲೇ ನಿಂತಿತ್ತು, ನಾನು ನಾಲ್ಕು ವಾರ ಒಂದು ಲೋಟವೂ ಹಾಕದೆ! ಮೊದಮೊದಲು ಕೆಲಸ ಉಳಿಯಿತೆಂದು ಖುಷಿಪಟ್ಟಿದ್ದೆ.

ನೀರು ಹಾಕುತ್ತಿರುವುದು ನೀನಾ ಎಂದು ತಂಗಿಯನ್ನು ಕೇಳಿದೆ. "ಎಂತ, ನನ್ನ ಮೇಲೆ ಸಂಶಯವಾ? ನಿನ್ನ ಆ ಲೋಳೆ ಹೂವನ್ನು ನೋಡುದೇ ನಂಗೆ ಹೇಸಿಗೆ, ಅದಕ್ಕೆ ನೀರು ಬೇರೆ ಹಾಕುದಾ?" ಅಂದಳು. ಹೇಳಿದ್ದು ಸುಳ್ಳು ಎನಿಸಲಿಲ್ಲ. ಆದರೂ ಎರಡು ದಿನ ಅವಳ ಮೇಲೆ ಕಣ್ಣಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬಂದರು. ರಾತ್ರಿಯಿಡೀ ತಾಮ್ರದ ಬಾಟಲಿಯಲ್ಲಿ ಇಟ್ಟ ನೀರು ಕುಡಿದರೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ಅವರದ್ದು ದಿನಾ ಅದೇ. ಮುಕ್ಕಾಲು ಬಾಟಲಿ ಕುಡಿದರು. ಉಳಿದದ್ದನ್ನು ಸೀದಾ ತೊಟ್ಟಿಗೆ, ಗೆರೆ ನೋಡಿ ನೋಡಿ, ಮೆಲ್ಲ ಹೊಯ್ದರು.

"ಅಪ್ಪಾ! ಎಂತ ಮಾಡುದು ನೀವು?"

"ಬೊಬ್ಬೆ ಹಾಕಬೇಡ ಮಾರಾಯ. ಗೆರೆವರೆಗೆ ತುಂಬಿಸುದು ನೀನೇ ಅಲ್ವಾ? ನಿಂಗೆ ನೆನಪಿರುದಿಲ್ಲ, ನಾನು ಹಾಕುದು. ಅದೂ ನಲ್ಲಿ ನೀರಲ್ಲ, ತಾಮ್ರದ್ದು. ನಂಗೆ ಆಗುವ ನೀರು ಅದಕ್ಕೆ ಆಗುದಿಲ್ವಾ?"

ಬೆನ್ನುಮೂಳೆಯಿಲ್ಲದ ಕಡಲಜೀವಿಗಳಿಗೆ ತಾಮ್ರದ ಲೇಶವೂ ವಿಷ ಎಂದು ಹೇಳಿದೆ. ಅಪ್ಪ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದ್ರೆ ನಾನು ಕುಡಿಯುದು ಎಂತಕ್ಕೆ?" ಎಂದವರು, ತೊಟ್ಟಿಯ ಹತ್ತಿರ ಬಗ್ಗಿ, "ಬದುಕ್ತದಾ ಅದು?" ಎಂದು ಕೇಳಿದರು. ನಾನು ನೀರು ಬದಲಿಸಲು ಬಕೆಟ್ ತಂದೆ.

ಅಂದಿನಿಂದ ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಿಸುತ್ತಿದ್ದೇನೆ, ತಾಮ್ರ ಹೀರಲೆಂದು ಇದ್ದಿಲಿನ ಚೀಲವನ್ನೂ ಇಳಿಬಿಟ್ಟಿದ್ದೇನೆ. ಅಗಲ ಆರಕ್ಕೆ ಏರಿತು, ಮತ್ತೆ ಐದೂವರೆಗೆ ಇಳಿಯಿತು. ಒಮ್ಮೆ ಸಿಗಡಿ ಹಿಡಿಯಿತು, ಮರುದಿನ ಉಗುಳಿತು. ಕಲ್ಲುಗಳು ತಾಮ್ರ ಹೀರಿಕೊಂಡು ಮೆಲ್ಲ ಮೆಲ್ಲ ಬಿಡುತ್ತವೆ ಎಂದು ಅಂತರ್ಜಾಲದಲ್ಲಿ ಒಬ್ಬರು ಬರೆದಿದ್ದಾರೆ. ಈಗ ನನ್ನ ಸಂಶಯ ಕಡಲಹೂವು ಪಾದ ಅಂಟಿಸಿ ಕೂತಿರುವ ಕಲ್ಲಿನ ಮೇಲೇ. ಕಿತ್ತು ತೆಗೆಯೋಣವೆಂದರೆ ಪಾದ ಹರಿದುಹೋದೀತೆಂಬ ಹೆದರಿಕೆ. ಬಿಟ್ಟರೆ ಆ ಕಲ್ಲೇ ಅದನ್ನು ಕೊಲ್ಲಬಹುದು.

ಜರಿಗಿಡದಂಥ ಎಳೆಗಳ ಈ ಕಡಲಹೂವನ್ನು ಸಾಕಿದವರು, ಅಥವಾ ಪಾದ ಹರಿಯದಂತೆ ಕಲ್ಲಿನಿಂದ ಬಿಡಿಸಿ ಗೊತ್ತಿರುವವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ಸ್ವಲ್ಪ ಬೇಗ ಬರೆದರೆ ಒಳ್ಳೆಯದು.