ಒಂಬತ್ತು ಗಂಟಿನ ವೈರು

ಓಟಿನ ಚೀಟಿ ಹಂಚುವವರು ಬಂದು ಹೋದ ಮೇಲೆ, ನನ್ನ ಗುರುತಿನ ಕಾರ್ಡು ಎಲ್ಲಿಟ್ಟಿದ್ದೇನೆಂದು ನೆನಪಾಗದೆ ಹೊಲಿಗೆ ಮಷೀನಿನ ಖಾನೆಗೆ ಕೈ ಹಾಕಿದೆ. ಸಕ್ಕರೆ ಕಾಯಿಲೆ ನನ್ನ ಕಣ್ಣನ್ನು ಮುಕ್ಕಾಲು ತಿಂದು ಮುಗಿಸಿದೆ. ಈಗ ಮನೆಯಲ್ಲಿ ಏನು ಹುಡುಕಿದರೂ ಕೈಯಿಂದಲೇ. ಬಾಬಿನ್, ತುಕ್ಕು ಹಿಡಿದ ಕತ್ತರಿ, ಯಾರದೋ ಕುಬಸದ ಅಳತೆ ಚೀಟಿ... ಅವುಗಳ ಕೆಳಗೆ ಎರಡು ಮೊಳದ ಒಂದು ಪ್ಲಾಸ್ಟಿಕ್ ವೈರು ಸಿಕ್ಕಿತು. ಒಂದು ತುದಿಗೆ ಸಾಲಾಗಿ ಒಂಬತ್ತು ಗಂಟು. ಬಣ್ಣ ಹಸಿರು ಅಂತ ನೋಡದೆಯೂ ಗೊತ್ತು. ಕಾರ್ಡು ಹುಡುಕುವುದನ್ನು ಬಿಟ್ಟು ಅದನ್ನೇ ಹಿಡಿದು ಕುಳಿತೆ.

ಆ ಗಂಟು ಹಾಕಿದವರು ಭಾಲ್ಕಿಯಲ್ಲಿ ನನ್ನ ಪಕ್ಕದ ಮನೆಯವರು. ಹುಟ್ಟಿದಾಗಿನಿಂದ ಕಣ್ಣಿರಲಿಲ್ಲ. ಊರು ಔರಾದ ಕಡೆ. ಅಕ್ಕ ಭಾವನ ಜೊತೆ ಭಾಲ್ಕಿಗೆ ಬಂದು ನಿಂತಿದ್ದರು. ಕಚೇರಿಗಳಲ್ಲಿ, ಶಾಲೆಗಳಲ್ಲಿ ಕುಳಿತು ಕುಳಿತು ಹರಿದ ಬೆತ್ತದ ಕುರ್ಚಿಗಳನ್ನು ಮತ್ತೆ ಹೆಣೆದು ಕೊಡುವುದು ಅವರ ಕೆಲಸ. ಓಣಿಗೆಲ್ಲ ಅವರು ಕುರ್ಚಿ ಅಣ್ಣ. ಆಗ ನಲವತ್ತರ ಆಸುಪಾಸಿನವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ಓಣಿಯಲ್ಲಿ ಬಹಳ ಮಂದಿ ನನ್ನನ್ನು ಹಾಗೆ ಕರೆಯುವುದನ್ನು ಬಿಟ್ಟಿದ್ದರು, ಅವರು ಬಿಡಲಿಲ್ಲ.

ಬೆತ್ತವನ್ನು ನೀರಿನಲ್ಲಿ ನೆನೆಸಿಯೇ ಹೆಣೆಯಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಟ್ಯಾಂಕರ್ ಬಂದರೆ ಮನೆಗೆ ಮೂರು ಕೊಡ ನೀರು. ಕುಡಿಯುವ ನೀರಿನಲ್ಲಿ ಬೆತ್ತ ನೆನೆಸಲು ಮನಸ್ಸಾಗದೆ ಅವರು ಪ್ಲಾಸ್ಟಿಕ್ ವೈರು ಹಿಡಿದರು. ಅದು ಬೆರಳು ಕೊಯ್ಯುತ್ತಿತ್ತು. ಹಸಿ ಬೆತ್ತದ ವಾಸನೆ ಓಣಿಯಿಂದ ಹೋಯಿತು, ಅದರ ಬೆನ್ನಿಗೇ ಮಂದಿಯೂ ಹೋದರು... ಹೈದರಾಬಾದಿಗೆ, ಪುಣೆಗೆ, ಕಟ್ಟಡದ ಕೆಲಸಕ್ಕೆ. ಅವರ ಅಕ್ಕ ಭಾವನೂ ಪುಣೆಗೆ ಹೋದರು. ಕುರ್ಚಿಯ ಕೆಲಸ ಇನ್ನೂ ಇದ್ದುದರಿಂದ ಇವರು ಉಳಿದರು. ಸಂಜೆ ನನ್ನ ಮಷೀನು ನಿಂತರೆ ಗೋಡೆಯಾಚೆ ಅವರ ಕೆಮ್ಮು ಕೇಳಿಸುತ್ತಿತ್ತು. ಅವರ ಕೆಮ್ಮೂ ನಿಂತರೆ ಓಣಿಯಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಅಂಥ ವರ್ಷದಲ್ಲಿ ಓಟು ಬಂತು. ಒಂದು ಮಧ್ಯಾಹ್ನ ನನ್ನ ಹೊಸ್ತಿಲಾಚೆ ನಿಂತು ಕೇಳಿದರು:

"ವೈನಿ, ಒಂದ ಮಾತ ಕೇಳ್ತೇನಿ, ಸಿಟ್ಟ ಮಾಡಬ್ಯಾಡ್ರಿ. ನನ್ನ ಜೋಡಿ ಓಟಿಗಿ ಬರ್ತೀರೇನ್ರಿ?"

ಕಣ್ಣಿಲ್ಲದವರು ಜೊತೆಗೊಬ್ಬರನ್ನು ಒಳಗೆ ಕರೆದೊಯ್ಯಬಹುದು. ಅಲ್ಲಿಯವರೆಗೆ ಅವರ ಅಕ್ಕ ಹೋಗುತ್ತಿದ್ದಳು.

"ಆಕಿ ಒಳಗ ಒಯ್ತಾಳ್ರಿ," ಅಂದರು. "ಕುಂಯ್ ಅಂತ ಸಪ್ಪಳ ಆಗ್ತದ. ಆತು ನಡಿ ಅಂತಾಳ. ಯಾರಿಗಿ ಹಾಕ್ದಿ ಅಂದ್ರ, ಎಲ್ಲಾರೂ ಹಾಕಿದವರಿಗೇ ಅಂತಾಳ. ಇಷ್ಟ ವರ್ಷ ಆತು, ನನ್ನ ಓಟು ಎಲ್ಲಿ ಹೋಗ್ಯದ ನನಗ ಗೊತ್ತಿಲ್ರಿ. ಒಮ್ಮಿ ನಾನೇ ಒತ್ತಬೇಕು. ಯಾರಿಗಿ ಅಂತ ನಿಮಗೂ ಹೇಳಂಗಿಲ್ಲ."

ನಾನು ತಕ್ಷಣ ಹೂಂ ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಂಡ ಸತ್ತವಳು ಪರಗಂಡಸಿನ ಕೈ ಹಿಡಿದು ಊರ ಮುಂದೆ ನಡೆದರೆ ಮಂದಿಯ ನಾಲಿಗೆ ಸುಮ್ಮನಿರುತ್ತದೆಯೇ? ನನ್ನ ಅಳುಕು ಅವರಿಗೆ ಅರ್ಥವಾಯಿತು. ಕಿಸೆಯಿಂದ ಹಸಿರು ವೈರು ತೆಗೆದರು.

"ಕೈ ಬ್ಯಾಡ್ರಿ. ಈ ತುದಿ ನೀವು ಹಿಡೀರಿ, ಆ ತುದಿ ನಾ ಹಿಡೀತೇನಿ."

ನನಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಇಲ್ಲ ಅನ್ನುವುದು ಹೇಗೆ?

ಶಾಲೆಯ ಗೋಡೆಗೆ ಅಂಟಿಸಿದ್ದ ಅಭ್ಯರ್ಥಿಗಳ ಪಟ್ಟಿಯನ್ನು ಬರೆದುಕೊಂಡು ಬಂದು ಮೇಲಿನಿಂದ ಓದಿದೆ. ಒಂದೊಂದು ಹೆಸರಿಗೆ ಒಂದೊಂದು ಗಂಟು ಹಾಕಿದರು. ಆಮೇಲೆ ನಾಲ್ಕು ದಿನ ಅದೇ ಕೆಲಸ. ನನ್ನ ಮಷೀನಿನ ಮೇಜಿಗೆ ವೈರನ್ನು ಇಳಿಬಿಟ್ಟು, ಮೇಲಿನಿಂದ ಬೆರಳು ಇಳಿಸುತ್ತ ಎಣಿಸುವರು. ಯಾವ ಗಂಟಿನ ಮೇಲೆ ಬೆರಳು ನಿಂತಿತೆಂದು ನನಗೆ ಕಾಣಬಾರದೆಂದು ಇನ್ನೊಂದು ಕೈ ಅಡ್ಡ ಹಿಡಿಯುವರು. ಎಲ್ಲಿಲ್ಲದ ಗತ್ತು. "ಓಟಿನ ಮಷೀನಿನ ಮೊದಲನೇ ಗುಂಡಿ ಮ್ಯಾಲ ನನ್ನ ಬಟ್ಟು ಇಟ್ಟ ಬಿಡ್ರಿ, ಸಾಕು. ಮುಂದಿಂದು ನಂದು," ಅನ್ನುತ್ತಿದ್ದರು ತೋರುಬೆರಳು ಎತ್ತಿ.

ಓಟಿನ ದಿನ ಇಬ್ಬರೂ ವೈರಿನ ಒಂದೊಂದು ತುದಿ ಹಿಡಿದು ಹೊರಟೆವು. ಸಾಲಿನಲ್ಲಿ ನಿಂತ ಒಬ್ಬಾಕೆ "ಏನ್ರಿ, ಕಟಗೊಂಡೇ ಬಂದೀರಲ್ಲ?" ಅಂದಳು. ಉಳಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಣ್ಣ ಕೇಳಿಸದವರ ಹಾಗೆ ನಿಂತಿದ್ದರು... ಅವರ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತಿತ್ತು.

ಒಳಗೆ ಅಧಿಕಾರಿ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇವತ್ತು ಬೇರೆ ಯಾರ ಜೊತೆಗೂ ಹೀಗೆ ಬಂದಿಲ್ಲ, ಒಳಗೆ ಆದದ್ದನ್ನು ಹೊರಗೆ ಹೇಳುವುದಿಲ್ಲ ಅಂತ. ಆಮೇಲೆ, "ನೀವೇ ಒತ್ತಿ ಬರ್ರಿ, ಅವರು ಇಲ್ಲೇ ನಿಲ್ಲಲಿ. ಲೈನ್ ಭಾಳ ಅದ," ಅಂದರು.

"ಓಟು ನಂದರಿ ಸಾಹೇಬ್ರ," ಅಂದರು ಅಣ್ಣ ಮೆಲ್ಲಗೆ. "ಕಣ್ಣಿಲ್ಲ ಖರೆ, ಬಟ್ಟು ಅದಾವಲ್ರಿ."

ಅಧಿಕಾರಿ, ಇಬ್ಬರೂ ಹೋಗಿ ಎಂಬಂತೆ ಕೈ ಬೀಸಿದರು.

ರಟ್ಟಿನ ಮರೆಯ ಹಿಂದೆ ವೈರು ಬಿಟ್ಟು ಅವರ ಕೈ ಹಿಡಿಯಲೇಬೇಕಾಯಿತು. ಗಂಡ ಹೋದ ಮೇಲೆ ನಾನು ಹಿಡಿದ ಮೊದಲ ಕೈ ಅದು. ವೈರು ಕೊಯ್ದು ಕೊಯ್ದು ಬೆರಳ ತುದಿಗಳು ದಡ್ಡುಗಟ್ಟಿದ್ದವು. ಹೊರಗಿನ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಬೆರಳನ್ನು ಮೇಲೆ ಒಯ್ದೆ, "ಇದು ಮೊದಲನೇದ್ರಿ" ಅಂದೆ, ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿಬಿಟ್ಟೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕುಂಯ್ ಎಂದು ಉದ್ದನೆಯ ಸಪ್ಪಳ.

"ವೈನಿ, ಇವತ್ತಿನ ಸಪ್ಪಳ ನಂದರಿ," ಅಂದರು ಹೊರಗೆ ಬಂದ ಮೇಲೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮನೆಗೆ ಬಂದು ಒಲೆ ಹಚ್ಚುವಾಗ ಒಂದು ಅನುಮಾನ ಹೊಕ್ಕಿತು. ಮೊದಲನೆಯದು ಅಂತ ಬಾಯಿಂದ ಅಂದೆ, ಇಟ್ಟದ್ದನ್ನು ನೋಡಿದೆನೇ? ಬೆರಳು ಇಟ್ಟ ಮೇಲೆ ಕಣ್ಣು ಮುಚ್ಚಿದೆನೋ, ಕಣ್ಣು ಮುಚ್ಚಿದ ಮೇಲೆ ಬೆರಳು ಇಟ್ಟೆನೋ? ಎಷ್ಟು ನೆನೆದರೂ ತಿಳಿಯಲಿಲ್ಲ. ಎರಡನೆಯ ಗುಂಡಿಯ ಮೇಲೆ ಇಟ್ಟಿದ್ದರೆ ಅವರ ಎಣಿಕೆಯೆಲ್ಲ ಒಂದು ಕೆಳಗೆ ಜಾರಿ, ಆ ಓಟು ಅವರಿಗೆ ಬೇಡವಾದ ಇನ್ಯಾರಿಗೋ ಹೋಗಿರುತ್ತದೆ. ಜನ್ಮಕ್ಕೊಮ್ಮೆ ತಾವೇ ಹಾಕಿದ ಓಟು... ನಾನು ಕೆಡಿಸಿದೆನೇ?

ಮರುದಿನ ಹೇಳಿಬಿಡಬೇಕೆಂದು ಹೋದೆ. ಚಹಾದ ಅಂಗಡಿಯ ಮುಂದೆ ಕುಳಿತು "ನಾನೇ ಒತ್ತಿನ್ರಿ, ನಾನೇ" ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ವಾಪಸ್ ಬಂದೆ.

ಮುಂದಿನ ಬೇಸಿಗೆಗೆ ಕಚೇರಿಗಳಿಗೆಲ್ಲ ಪ್ಲಾಸ್ಟಿಕ್ ಕುರ್ಚಿ ಬಂದವು. ಕೆಲಸ ನಿಂತಿತು, ಅಕ್ಕ ಪುಣೆಗೆ ಕರೆಸಿಕೊಂಡಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಿಟಕಿಯಿಂದ ಈ ವೈರು ಕೊಟ್ಟರು. "ಇಟ್ಕೋರಿ ವೈನಿ. ಮತ್ತ ಓಟು ಬಂದ್ರ ಬೇಕಾಗ್ತದ." ಆಗಲಾದರೂ ಹೇಳಬೇಕಿತ್ತು. ಹೋಗಬೇಡಿ ಅಂತಲೂ ಅನ್ನಬೇಕಿತ್ತು... ಎರಡೂ ಅನ್ನಲಿಲ್ಲ. ಬಸ್ಸು ಹೋಯಿತು.

ಮುಂದಿನ ಓಟಿಗೆ ಅವರು ಬರಲಿಲ್ಲ. ಕೋಣೆ ಖಾಲಿ ಮಾಡಲು ಅಕ್ಕ ಬಂದಳು. "ನಾಕ ದಿನದ ಜ್ವರ, ಅಷ್ಟೇರಿ," ಅಂದಳು. ನಾನು ಅವಳ ಮುಂದೆ ಅಳಲಿಲ್ಲ. ಅಳಲು ನಾನು ಅವರಿಗೆ ಯಾರು? ಒಳಗೆ ಹೋಗಿ ಮಷೀನು ತುಳಿಯುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ನೋಡಿದರೆ ಸೂಜಿಯಲ್ಲಿ ದಾರವೇ ಇರಲಿಲ್ಲ.

ನಾನು ಈಗ ಇರುವುದು ಬೀದರದಲ್ಲಿ, ಗಾಂಧಿ ಗಂಜದ ಹಿಂದಿನ ಒಂದು ಕೋಣೆಯಲ್ಲಿ. ಕಾರ್ಡು ಕೊನೆಗೂ ಅಕ್ಕಿ ಡಬ್ಬಿಯ ಕೆಳಗೆ ಸಿಕ್ಕಿತು. ಹೋದ ವಾರ ಓಟಿಗೆ ಹೋದೆ, ವೈರನ್ನೂ ಒಯ್ದೆ. ಒಳಗಿದ್ದ ಮೇಡಮ್ಮು ನಾನು ತಡವರಿಸುವುದನ್ನು ನೋಡಿ, "ಆಯಿ, ಜೋಡಿ ಯಾರರ ಬಂದಾರೇನ್ರಿ?" ಅಂದರು.

"ಇಲ್ಲವ್ವ, ಒಬ್ಬಾಕೇ ಇದ್ದೇನಿ."

ಮರೆಯ ಹಿಂದೆ ಮಷೀನು ಬರೀ ಬಿಳಿ ಮಂಜು. ಬೆರಳು ಇಟ್ಟೆ, ಒಂದು ಗುಂಡಿ ಸಿಕ್ಕಿತು. ಎಷ್ಟನೆಯದೋ ಏನೋ. ಬೆರಳು ನನ್ನನ್ನು ಕೇಳಲೇ ಇಲ್ಲ. ತಾನಾಗಿಯೇ ಮೇಲೆ ಹೋಯಿತು. ಇನ್ನೊಂದು ಗುಂಡಿ, ಮತ್ತೊಂದು, ಆಮೇಲೆ ಗುಂಡಿಯೇ ಇಲ್ಲದ ನುಣ್ಣನೆಯ ಜಾಗ. ಅಲ್ಲಿಂದ ಒಂದೊಂದಾಗಿ ಎಣಿಸುತ್ತ ಕೆಳಗಿಳಿಯಿತು.

ನಾನು ಅಲ್ಲೇ ನಿಂತುಬಿಟ್ಟೆ. ಮೊನ್ನೆ ಮೊನ್ನೆ ಕಣ್ಣು ಕಳೆದುಕೊಂಡ ನನ್ನ ಬೆರಳಿಗೇ ಇಷ್ಟು ತಿಳಿಯುತ್ತದೆ. ಹುಟ್ಟಿನಿಂದ ಬೆರಳಿನಿಂದಲೇ ಬದುಕಿದವರು, ನನ್ನ ಬಾಯಿಮಾತು ನಂಬಿ, ಮೇಲೆ ಇನ್ನೊಂದು ಗುಂಡಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡದೆ ಒತ್ತಿರುತ್ತಾರೆಯೇ? ಆ ಒಂದು ಗಳಿಗೆ ಅವರು ಸುಮ್ಮನಿದ್ದದ್ದು ಅದಕ್ಕೇ. ಇಷ್ಟು ವರ್ಷ ನನ್ನ ಕೈ ತಪ್ಪಿತೆಂದು ಕೊರಗಿದೆ, ಅವರ ಕೈಯನ್ನು ಒಂದು ದಿನವೂ ನೆನೆಯಲಿಲ್ಲ. ಅವರ ಅಕ್ಕನ ಹಾಗೆ ನಾನೂ, ಆ ಓಟು ನನ್ನ ಕೈಯಲ್ಲಿತ್ತು ಅಂತಲೇ ತಿಳಿದಿದ್ದೆ.

"ಆಯಿ, ಆತೇನ್ರಿ?" ಅಂತ ಮೇಡಮ್ಮಿನ ದನಿ ಕೇಳಿತು. ಒತ್ತಿದೆ. ಕುಂಯ್ ಅಂತು.

ಹೊರಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕುಳಿತೆ. ಇದನ್ನು ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ. ವೈರಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ನೆಲಕ್ಕೆ ಬಿದ್ದಿತ್ತು.