ಇರುವೆ, ಬೆಕ್ಕು, ಆನೆಯಾದ ರೈಲು

"ಆ ಟೈಲರಮ್ಮನ ಮನೇಲಿ ಇಂಜಿನ್ ಇದ್ರೆ ಬೋಗಿ ಇಲ್ಲ, ಬೋಗಿ ಇದ್ರೆ ಹಳಿ ಇಲ್ಲ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಸುಳ್ಳೇನಲ್ಲ. ಪ್ಯಾಂಟಿನ ಅಂಚು ಮಡಿಚಿ ಹೊಲಿದು ಉಳಿಸಿದ ಚಿಲ್ಲರೆಯಲ್ಲಿ ಆಕೆ ಆಟದ ರೈಲು ಕೊಳ್ಳುತ್ತಿದ್ದಳು. ಒಂದೇ ಅಳತೆಯ ಪೂರ್ತಿ ರೈಲಿಗೆ ಆ ದುಡ್ಡು ಯಾವ ಮೂಲೆಗೂ ಸಾಲದು. ಹಾಗಾಗಿ ಹಳೆ ಸಾಮಾನಿನ ಅಂಗಡಿಯಲ್ಲಿ ಜೋಡಿ ತಪ್ಪಿದ್ದನ್ನೆಲ್ಲ ಎತ್ತಿಕೊಂಡು ಬರುವಳು: ಮೊಣಕೈ ಉದ್ದದ್ದೊಂದು, ಅಂಗೈಯಷ್ಟರದ್ದೊಂದು, ಬೆರಳುದ್ದದ್ದೊಂದು. ಒಂದರ ಹಳಿಯ ಮೇಲೆ ಇನ್ನೊಂದು ನಿಲ್ಲದು.

"ಮೂರನ್ನೂ ಮಾರಿ ಒಂದು ನೆಟ್ಟಗಿರೋದು ತಗೊಳೇ" ಎಂದ ಗಂಡ.

"ಮೂರು ಮಕ್ಕಳಿದ್ರೂ ಹಿಂಗೇ ಅಂತಿದ್ರಾ?"

ಆ ವರ್ಷ ಮಾವ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಜೀವಮಾನವೆಲ್ಲ ರೈಲ್ವೆ ಗೇಟು ಕಾದವನು. ಮೂಳೆಯೇನೋ ಕೂಡಿತು, ಮನಸ್ಸು ಕೂಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೊಲ್ಲ. ಹೀಗೇ ಬಿಟ್ಟರೆ ಇನ್ನು ನಡೆಯುವುದೇ ಇಲ್ಲ ಎಂದು ಡಾಕ್ಟರಮ್ಮ ಹೇಳಿಹೋದರು.

"ಎದ್ದು ಕೂತ್ಕೊಳ್ಳಿ ಮಾವ."

"ಕೂತು ಏನು ನೋಡ್ಲಿ? ಗೇಟಲ್ಲಿದ್ರೆ ರೈಲು ದೂರದಲ್ಲಿ ಇರುವೆ, ಆಮೇಲೆ ಬೆಕ್ಕು, ಹತ್ರ ಬಂದ್ರೆ ಆನೆ. ಇಲ್ಲೇನಿದೆ?"

ಸೊಸೆ ಆ ಮಾತು ಹಿಡಿದುಕೊಂಡಳು. ಮೂರೂ ರೈಲಿಗೆ ಒಂದೇ ನೀಲಿ ಬಣ್ಣ ಬಳಿದಳು. ಎದುರು ಗೋಡೆಯ ಬುಡಕ್ಕೆ ಚಿಕ್ಕದು, ಈಚೆಗೆ ನಡುವಿನದು, ಮಂಚದ ಕಾಲ ಬಳಿ ದೊಡ್ಡದು. ನಡುನಡುವೆ ಹಳೆ ಕೋಟಿನ ತೋಳುಗಳೇ ಸುರಂಗ. ಒಂದು ಒಳಹೊಕ್ಕರೆ ಮುಂದಿನದು ಹೊರಬರಬೇಕು, ಒಂದೇ ರೈಲು ಹತ್ತಿರ ಬಂದಂತೆ. ಓಡಿಸಲು ಮೂರಕ್ಕೂ ತಂತಿ ಎಳೆದ ಒಂದೊಂದು ಒತ್ತುಗುಂಡಿ, ಮೂರೂ ಅವಳ ಕೈಯಲ್ಲಿ. ಎಲ್ಲ ನೆಲದ ಮೇಲೆ, ನೋಡಬೇಕೆಂದರೆ ಏಳಲೇಬೇಕು. ಹಠಮಾರಿ ಮಾವನಿಗೆ ತಕ್ಕ ಸೊಸೆ.

ಸದ್ದು ಕೇಳಿ ಮುದುಕ ಕತ್ತೆತ್ತಿದ. ಕಾಣಲಿಲ್ಲ. ಗೊಣಗುತ್ತ ಮೊಣಕೈ ಊರಿ, ಹಲ್ಲು ಕಚ್ಚಿ ಎದ್ದು ಕೂತ. ದೂರದಲ್ಲಿ ಬೆರಳುದ್ದದ ರೈಲು ಕೋಟಿನ ತೋಳು ಹೊಕ್ಕಿತು. ಸೊಸೆ ಗಡಿಬಿಡಿಯಲ್ಲಿ ಗುಂಡಿ ತಪ್ಪಿದಳು. ನಡುವಿನದು ನಿಂತಲ್ಲೇ ನಿಂತು, ದೊಡ್ಡದು ಧಡಧಡ ನುಗ್ಗಿತು.

"ಇದೇನೇ, ಕೂಸು ಒಳಗೋಗಿ ಅಜ್ಜ ಆಚೆ ಬಂದ?" ಮಾವ ಸೊಂಟ ಹಿಡಿದುಕೊಂಡೇ ನಕ್ಕ. "ನಿನ್ನ ಕೈಲಾಗಲ್ಲ ಬಿಡು. ಆ ಗುಂಡಿಗಳನ್ನ ನಂಗೆ ಕೊಡು."

"ಬಂದು ತಗೊಳ್ಳಿ."

ಕಾಲು ನೆಲ ಮುಟ್ಟಿತು.

ಕೆಲವು ವರ್ಷಗಳ ಮೇಲೆ ಅವರು ಪಕ್ಕದ ಬೀದಿಗೆ ಮನೆ ಬದಲಿಸಿದರು. ಗಂಡ ಸಾಮಾನಿನ ಗಾಡಿಯೊಂದಿಗೆ ಮುಂದೆ ಹೋಗಿದ್ದ. ಟೈಲರಮ್ಮ ಖಾಲಿ ಕೋಣೆಗಳನ್ನೊಮ್ಮೆ ನೋಡಿ, ಬೀಗ ಹಾಕಿ, ಜಗ್ಗಿ ನೋಡಿ ತಿರುಗುವಷ್ಟರಲ್ಲಿ ಮಾವ ಬೀದಿಯ ತಿರುವು ದಾಟುತ್ತಿದ್ದ.

"ನಿಲ್ಲಿ ಮಾವ, ಮನೆ ಯಾವುದು ಅಂತ ಗೊತ್ತಾ ನಿಮಗೆ?" ಎನ್ನುತ್ತ ಚೀಲ ಹೆಗಲಿಗೇರಿಸಿಕೊಂಡು ಓಡಿದಳು.