ಬೆರಳಿಟ್ಟು ಆರಿಸಿದ ಫ್ಯಾನು

ನಂಜನಗೂಡಿನಿಂದ ನರಸೀಪುರಕ್ಕೆ, ನರಸೀಪುರದಿಂದ ನಂಜನಗೂಡಿಗೆ, ಎರಡು ದಿನದಲ್ಲಿ ನಾಲ್ಕು ಬಸ್ಸು ಹತ್ತಿ ಇಳಿದೆ. ಅಷ್ಟೂ ಓಡಾಟ ಅಂಗೈಯಗಲದ ಒಂದು ಫ್ಯಾನಿಗೆ. ಸೀಲಿಂಗ್ ಫ್ಯಾನಲ್ಲ, ಟೇಬಲ್ ಫ್ಯಾನೂ ಅಲ್ಲ. ಕಂಪ್ಯೂಟರಿನ ಡಬ್ಬದ ಬೆನ್ನಿಗೆ ಕೂತು ಒಳಗಿನ ಬಿಸಿಯನ್ನು ಹೊರಗೆ ತಳ್ಳುವ ಪುಟಾಣಿ ಫ್ಯಾನು. ಮೊಣಕಾಲು ಇನ್ನೂ ಬೈಯುತ್ತಿದೆ. ಬೈಯಲಿ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ.

ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು. ಈಗ ಐದು ತಿಂಗಳು. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ, ಕಂಡಕ್ಟರಿಗೂ ಹೇಳಿದ್ದೇನೆ. ನರಸೀಪುರದ ನನ್ನ ಮನೆಗೆ ಬೀಗ ಹಾಕಿ, ನಂಜನಗೂಡಿನಲ್ಲಿ ಮಗಳು ಅಳಿಯ ಬಾಡಿಗೆಗಿರುವ ಮನೆಗೆ ಬಂದು ಸೇರಿದ್ದೇ ಅವಳಿಗಾಗಿ.

ಆ ಮನೆಯಲ್ಲಿರುವುದು ಒಂದು ಹಾಲು, ಒಂದು ಅಡಿಗೆಮನೆ. ಹಾಲಿನ ತೊಲೆಗೆ ಮಾತ್ರ ಕೊಂಡಿ ಇರುವುದರಿಂದ ಮಗುವಿನ ಸೀರೆ ಜೋಲಿ ಅಲ್ಲೇ. ಮಗಳ ಕಂಪ್ಯೂಟರೂ ಅಲ್ಲೇ. ಅವಳು ಪತ್ರ ಬರೆಯುವವರೊಬ್ಬರಿಗೆ ಕ್ರಯಪತ್ರ, ವಿಭಾಗಪತ್ರಗಳನ್ನು ಟೈಪ್ ಮಾಡಿಕೊಡುತ್ತಾಳೆ. ಬಾಣಂತನಕ್ಕೆ ಬಿಟ್ಟಿದ್ದ ಕೆಲಸ ಸೋಮವಾರದಿಂದ ಮತ್ತೆ ಶುರು. ಬೆಳಿಗ್ಗೆಯೆಲ್ಲ ಮನೆಯಲ್ಲಿ ಟೈಪು, ಮಧ್ಯಾಹ್ನ ಎರಡು ಗಂಟೆ ಹೊತ್ತು ಅವರ ಕಚೇರಿಯಲ್ಲಿ. ಆ ಎರಡು ಗಂಟೆ ಮಗು ಯಾರ ಕೈಯಲ್ಲಿ ಎಂಬ ಮಾತು ಬಂದಾಗ, "ನಾನೇನು ಸತ್ತೋಗಿದ್ದೀನಾ?" ಎಂದು ಕೇಳಿ ನಾನೇ ವಹಿಸಿಕೊಂಡಿದ್ದೆ.

ತೊಂದರೆ ಬಂದದ್ದು ಕಂಪ್ಯೂಟರಿನಿಂದ. ಅದರ ಹಳೆಯ ಫ್ಯಾನು ಬೀಸುವ ಕಲ್ಲಿನ ಹಾಗೆ ಗರಗರ ಅನ್ನುತ್ತಿತ್ತಂತೆ. ಮಗು ಮಲಗಿದಾಗಲೇ ಮಗಳು ಟೈಪು ಮಾಡಬೇಕು, ಇವಳು ಸ್ವಿಚ್ಚು ಹಾಕಿದರೆ ಅವಳು ಏಳುತ್ತಾಳೆ. ಅಳಿಯ ಅದನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಫ್ಯಾನಿಲ್ಲದೆ ಡಬ್ಬ ಬಿಸಿಯಾಗಿ ಕಂಪ್ಯೂಟರು ನಿಂತುಹೋಗದಿರಲೆಂದು ಅದರ ಪಕ್ಕದ ಮುಚ್ಚಳ ತೆಗೆದಿಟ್ಟರು.

ನರಸೀಪುರದ ಮನೆಯನ್ನು ಒಮ್ಮೆ ಗುಡಿಸಿ ಬರಬೇಕೆಂದು ನಾನು ಹೊರಟಿದ್ದೆ. ಅಳಿಯ ಹಳೆಯ ಫ್ಯಾನನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

"ಅತ್ತೆ, ಅಲ್ಲೊಂದು ರಿಪೇರಿ ಅಂಗ್ಡಿ ಐತಲ್ಲ, ನಿಮ್ಗೆ ಗೊತ್ತಿರೋರು. ಇದೇ ಅಳ್ತೇದು, ಸದ್ದು ಮಾಡ್ದಿರೋದು ನೋಡಿ ತನ್ನಿ."

"ಆಯ್ತು ಬುಡಿ" ಎಂದೆ. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಯಾಕೆಂದರೆ ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಸಾಲು ಸಾಲು ಕದಿರು ಒಟ್ಟಿಗೆ ತಿರುಗುತ್ತಿದ್ದರೆ ಪಕ್ಕದವಳು ಕೂಗಿದರೂ ಕೇಳದು. ಅಲ್ಲಿ ನಾವು ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದೆವು. ಯಾರ ಸೊಸೆ ಮುನಿಸಿಕೊಂಡಳು, ಯಾರ ಎಮ್ಮೆ ಕರು ಹಾಕಿತು, ಎಲ್ಲ ತುಟಿಯಲ್ಲೇ. ಶೆಡ್ಡು ಬಿಡುವ ಹೊತ್ತಿಗೆ ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಎದುರಿಗೆ ನಿಂತು ಮಾತಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆನ್ನ ಹಿಂದಿನ ಮಾತು, ಸಣ್ಣ ಸದ್ದು, ನನಗಿಲ್ಲ. ಇದನ್ನು ಹೇಳಿದರೆ ಮಗುವನ್ನು ನನ್ನ ಕೈಗೆ ಬಿಡುತ್ತಾರೆಯೇ? ಕವಲಂದೆಯಲ್ಲಿ ನನ್ನ ಬೀಗಿತ್ತಿ ಇದ್ದಾರೆ, ಅಳಿಯನ ತಾಯಿ. ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ಹಲ್ಲಿ ಲೊಚಗುಟ್ಟಿದರೆ ಯಾವ ಗೋಡೆಯಲ್ಲಿ ಅಂತ ಹೇಳುವ ಕಿವಿ ಅವರದು. ಕರೆದರೆ ಅರ್ಧ ಗಂಟೆಯಲ್ಲಿ ಬಟ್ಟೆಗಂಟು ಕಟ್ಟಿಕೊಂಡು ಬಂದುಬಿಡುತ್ತಾರೆ.

ಮನೆ ಗುಡಿಸಿ, ಬೆವರು ಒರೆಸಿಕೊಂಡು ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಸಣ್ಣ ಅಂಗಡಿ. ಅಂಗಡಿಯವನ ತಾಯಿ ನನ್ನ ಜೊತೆ ಶೆಡ್ಡಿನಲ್ಲಿದ್ದವಳು. ಈಗ ಅವನ ಗಡ್ಡವೇ ಬೆಳ್ಳಗಾಗುತ್ತಿದೆ.

"ಸದ್ದಿಲ್ದಿರೋದು ಕೊಡಪ್ಪ. ಮೊಗ ಮನಿಕೋಬೇಕು."

"ಮೊಮ್ಮಗ್ಳಾ? ಅಂತೂ ಆಯ್ತಲ್ಲ ದೊಡ್ಡವ್ವ!"

ಅವನು ಹಾಗೆ ಕೇಳಿದ ಮೇಲೆ ಗುಳಿ, ಕೂದಲು, ಬೆರಳು ಚೀಪುವುದು, ಎಲ್ಲ ಹೇಳದೆ ಇರಲಾಗುತ್ತದೆಯೇ? ಅವನು ಪಾಪ ಸ್ಕ್ರೂಡ್ರೈವರ್ ಹಿಡಿದು ಕಾದ. ಆಮೇಲೆ ಮೂರು ಫ್ಯಾನು ತೆಗೆದು, ಕರೆಂಟಿನ ಒಂದು ಡಬ್ಬಕ್ಕೆ ವೈರು ಸಿಕ್ಕಿಸಿ ಒಂದೊಂದನ್ನೇ ತಿರುಗಿಸಿದ. ನಾನು ಕಿವಿ ಹತ್ತಿರ ಒಯ್ದೆ. ಮೂರೂ ಒಂದೇ. ಒಂದರಲ್ಲೂ ಸದ್ದಿಲ್ಲ. ಅದರಲ್ಲೊಂದು ತಿರುಗುವಾಗ ಕೆಂಪು, ನೀಲಿ, ಹಸಿರು ಬಣ್ಣದ ದೀಪ ಹತ್ತಿಸಿಕೊಂಡಿತು. ಗಾಳಿಯೂ ಜೋರು. ಮಗು ನೋಡಿದರೆ ಗುಳಿ ಬೀಳುವಂತೆ ನಗುತ್ತದೆ ಅನ್ನಿಸಿತು.

"ಇದೇ ಇರ್ಲಿ."

"ಬ್ಯಾಡ ದೊಡ್ಡವ್ವ. ಅದು ಕಂಪ್ಯೂಟ್ರಲ್ಲಿ ಗೇಮ್ ಆಡೋರು ಆಕಿಸ್ಕೊಳದು. ಎಷ್ಟ್ ಸುತ್ತು ಅಂತ ಡಬ್ಬದ್ ಮ್ಯಾಲೆ ಬರ್ದವ್ರೆ ನೋಡಿ. ಸುತ್ತು ಜಾಸ್ತಿ ಇದ್ರೆ ಗಾಳಿನೂ ಜಾಸ್ತಿ, ಸದ್ದೂ ಜಾಸ್ತಿ. ಪತ್ರ ಟೈಪ್ ಮಾಡೋ ಮಿಷಿನ್‌ಗೆ ನಿಧಾನದ್ದು ಸಾಕು."

"ಎಲ್ಲೈತಪ್ಪ ಸದ್ದು? ನಂಗೇನ್ ಕಿವಿ ಇಲ್ವಾ?"

ದೊಡ್ಡವರ ಬಾಯಿಂದ ಅಂಥ ಮಾತು ಬಂದ ಮೇಲೆ ಅವನೇನು ಹೇಳುತ್ತಾನೆ? ಕಟ್ಟಿಕೊಟ್ಟ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹದಿನಾರು ಅನ್ನುವ ಊರು ದಾಟುವವರೆಗೂ ಕಂಬಿ ಹಿಡಿದು ನಿಂತೇ ಬಂದೆ. ಗೆದ್ದವಳ ಹಾಗೆ ಬಂದೆ.

ಅಳಿಯ ಫ್ಯಾನು ಕೂರಿಸಿದ. ಮಗು ಜೋಲಿಯಲ್ಲಿ ಮಲಗಿತ್ತು. ಸ್ವಿಚ್ಚು ಹಾಕಿದೊಡನೆ ಬಣ್ಣದ ದೀಪ ಗೋಡೆಯ ಮೇಲೆಲ್ಲ ಸುತ್ತಾಡಿತು. ಜೋಲಿಗೆ ಬೆನ್ನು ಮಾಡಿ ನಿಂತಿದ್ದ ನಾನು, "ನೋಡು, ಒಂಚೂರು ಸದ್ದಿಲ್ಲ! ಇದ್ಕೆ ಅಂತಾರೆ ಸಾಮಾನು" ಎಂದು ನಗುತ್ತ ಮಗಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಅವಳ ಕಣ್ಣು ನನ್ನ ಭುಜದ ಆಚೆ ಇತ್ತು. ತಿರುಗಿದೆ. ಜೋಲಿ ಅಲ್ಲಾಡುತ್ತಿತ್ತು. ಮಗು ಆಗಲೇ ಎದ್ದು, ಕುಂಯ್‌ಗುಟ್ಟಿ, ಅಳು ಹಿಡಿದಿತ್ತು. ಆ ಫ್ಯಾನು ಸುಂಯ್ಯೆಂದು ಕಿರುಚುತ್ತಿತ್ತಂತೆ. ನನಗೆ ಫ್ಯಾನೂ ಕೇಳಿರಲಿಲ್ಲ, ಕೂಸೂ ಕೇಳಿರಲಿಲ್ಲ.

ಮಗಳು ಸ್ವಿಚ್ಚು ಆರಿಸಿ, ಮಗುವನ್ನು ಎತ್ತಿಕೊಂಡು, ನನ್ನ ಎದುರಿಗೆ ಬಂದು ನಿಂತಳು.

"ಅವ್ವಾ, ನಿಂಗೆ ಕಿವಿ ಕೇಳಲ್ವಾ?"

"ಕೇಳ್ತದೆ ಕಣೆ."

"ಎಷ್ಟ್ ದಿನದಿಂದ ಇಂಗೆ?"

ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. "ನೀ ಉಟ್ಟೋಕೂ ಮುಂಚಿಂದ ಒಸಿ ಒಸಿ" ಎಂದೆ.

ಅವಳು ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು. "ಚಿಕ್ಕವಳಿದ್ದಾಗ ಮೊಕ ನೋಡ್ಕೊಂಡು ಮಾತಾಡು ಮೊಕ ನೋಡ್ಕೊಂಡು ಮಾತಾಡು ಅಂತ ಬಯ್ತಿದ್ಯಲ್ಲ. ನಂಗೆ ಮರ್ಯಾದೆ ಕಲಿಸ್ತಾವ್ಳೆ ಅನ್ಕಂಡಿದ್ದೆ ಕಣವ್ವ."

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಅವಳು, "ಸೋಮ್ವಾರಕ್ಕೆ ಅತ್ತೇನ ಕರೆಸ್ತೀನಿ ಬುಡವ್ವ. ನೀ ಸುಮ್ನೆ ಮೊಗೀನ ಜೊತೆ ಆಡ್ಕೊಂಡಿರು" ಎಂದಳು. ಮೆತ್ತಗೇ ಹೇಳಿದಳು.

ಮಾರನೆಯ ಬೆಳಿಗ್ಗೆ ಅದೇ ಬಸ್ಸಿನ ಅದೇ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ತೊಡೆಯ ಮೇಲೆ ಕೈಯೂರಿ ಹತ್ತಿದೆ. ಮಗಳು ಬೇಡವೆಂದರೂ ಕೇಳಲಿಲ್ಲ. ತಂದವಳು ನಾನು, ಬದಲಿಸಬೇಕಾದವಳೂ ನಾನೇ. ಅಂಗಡಿಯವನ ಮುಂದೆ ಫ್ಯಾನಿಟ್ಟು ಹೇಳಿದೆ:

"ನಂಗೆ ಕಿವಿ ಕೇಳಲ್ಲ ಕಣಪ್ಪ."

ಹೊರಗಿನವರ ಹತ್ತಿರ ಆ ಮಾತು ಆಡಿದ್ದು ಅದೇ ಮೊದಲು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮವ್ವಂದೂ ಅದೇ ಕತೆ ದೊಡ್ಡವ್ವ. ಟೀವಿ ಆಕುದ್ರೆ ನಮ್ ಬೀದಿಗೆಲ್ಲ ನ್ಯೂಸು. ಕೂತ್ಕೊಳಿ, ನಾನೇ ಕೇಳಿ ಆರಿಸ್ಕೊಡ್ತೀನಿ."

"ನೀ ಆಮೇಲೆ ಕೇಳು. ಮೊದ್ಲು ನಂಗ್ ತೋರ್ಸು."

ಶೆಡ್ಡಿನಲ್ಲಿ ಕದಿರು ಸರಿಯಿಲ್ಲದಿದ್ದರೆ ನಮಗೆ ಕಿವಿ ಹೇಳುತ್ತಿರಲಿಲ್ಲ. ಕದಿರು ಕೂತ ಪಟ್ಟಿಯ ಮೇಲೆ ಬೆರಳಿಟ್ಟರೆ ಬೆರಳೇ ಹೇಳುತ್ತಿತ್ತು. ಯಾವುದು ನಡುಗುತ್ತದೋ ಆ ಕದಿರಿನ ಎಳೆ ಕಿತ್ತುಹೋಗುತ್ತದೆ, ಯಾವುದು ನಡುಗದೋ ಅದು ಸಂಜೆವರೆಗೂ ತೊಂದರೆ ಕೊಡದು. ಮೆಕ್ಯಾನಿಕ್ಕು ಬಂದರೆ, "ಆ ನಾಲ್ಕನೇದು" ಎಂದು ಬೆರಳು ತೋರಿಸಿ ಹೋಗುತ್ತಿದ್ದೆ. ಅವನು ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿರುತ್ತಿತ್ತು. ಇದು ನನಗೆ ಮೊದಲ ದಿನವೇ ಯಾಕೆ ನೆನಪಾಗಲಿಲ್ಲ? ಕಿವಿ ಇದೆ ಎಂದು ತೋರಿಸುವ ಹಟದಲ್ಲಿ ಬೆರಳು ಮರೆತಿದ್ದೆ.

ಅವನು ಇದ್ದ ಫ್ಯಾನುಗಳನ್ನೆಲ್ಲ ತಿರುಗಿಸಿದ. ನಾನು ಕಣ್ಣು ಮುಚ್ಚಿ, ಚೌಕಟ್ಟಿನ ಮೂಲೆಗೆ ಉಂಗುರದ ಬೆರಳು ಇಟ್ಟೆ. ಬಣ್ಣದ ದೀಪದ್ದು ಬೆರಳಿಗೆ ಇರುವೆ ಹತ್ತಿದ ಹಾಗೆ. ಇನ್ನೊಂದು ಮೆತ್ತಗಿತ್ತು, ಆದರೆ ಪ್ರತಿ ಸುತ್ತಿಗೂ ಎಲ್ಲೋ ಒಂದು ಕಡೆ ಎಡವುತ್ತಿತ್ತು. ಕೊನೆಯದು, ಬರೀ ಕಪ್ಪು ಬಣ್ಣದ್ದು, ತಿರುಗುತ್ತಿದೆಯೋ ಇಲ್ಲವೋ ಎಂದು ಕಣ್ಣು ಬಿಟ್ಟು ನೋಡಬೇಕಾಯಿತು.

"ಇದು."

ಅವನು ಅದನ್ನು ಎತ್ತಿ ಕಿವಿಗೆ ಹಿಡಿದ. ಸ್ವಲ್ಪ ಹೊತ್ತು ಹಿಡಿದೇ ಇದ್ದ. "ನಿನ್ನೆ ನಾ ನಿಧಾನದ್ದು ಸಾಕು ಅಂದಿದ್ದೂ ಇದ್ನೇಯ!" ಎಂದು ನಕ್ಕ. ಡಬ್ಬಕ್ಕೆ ಬಿಗಿಯಲು ಸ್ಕ್ರೂ ಬದಲು ನಾಲ್ಕು ರಬ್ಬರಿನ ಗೂಟ ಕೊಟ್ಟ. ಅವನು ವಿವರಿಸುವ ಮೊದಲೇ ನನಗೆ ಗೊತ್ತಾಯಿತು. ನಮ್ಮ ಶೆಡ್ಡಿನ ಮೋಟರಿನ ಕಾಲಡಿಯೂ ರಬ್ಬರು ಇತ್ತು. ಒಂದರ ನಡುಕ ಇನ್ನೊಂದಕ್ಕೆ ದಾಟಬಾರದು ಅಂತ.

ಅವನು ಪೊಟ್ಟಣಕ್ಕೆ ಹುರಿದಾರ ಸುತ್ತಿ, ನೇತುಹಾಕಿಕೊಳ್ಳಲು ಒಂದು ಕುಣಿಕೆ ಬಿಟ್ಟುಕೊಟ್ಟ. ಬಸ್ಸಿನಲ್ಲಿ ಈ ಸಲ ಸೀಟು ಸಿಕ್ಕಿತು. ಕುಣಿಕೆ ಬೆರಳಿಗೆ ಸಿಕ್ಕಿಸಿಕೊಂಡು ಕಿಟಕಿಗೆ ತಲೆ ಕೊಟ್ಟೆ. ಕಣ್ಣು ಎಳೆಯುತ್ತಿತ್ತು. ಆದರೂ ರಸ್ತೆಯ ಗುಂಡಿ, ಬ್ರೇಕು, ಗೇರು, ಎಲ್ಲ ಆ ದಾರದಲ್ಲಿ ಬೆರಳಿಗೆ ಬರುತ್ತಿತ್ತು. ಎಲ್ಲೋ ಒಂದು ಗುಂಡಿಗೆ ಬಸ್ಸು ಎಗರಿದಾಗ ಪೂರ್ತಿ ಎಚ್ಚರವಾಯಿತು. ಹಳೆಯದೊಂದು ನೆನಪಾಗಿ ಆಮೇಲೆ ನಿದ್ದೆ ಬರಲಿಲ್ಲ.

ಮನೆಗೆ ಬಂದಾಗ ಅಳಿಯ ಡ್ಯೂಟಿಗೆ ಹೊರಡುವುದರಲ್ಲಿದ್ದ. ನಿಂತ ಕಾಲಲ್ಲೇ ಫ್ಯಾನು ಕೂರಿಸಿ, ಡಬ್ಬದ ಮುಚ್ಚಳ ಹಾಕಿ ಹೋದ. ಮಗಳು ಸ್ವಿಚ್ಚು ಹಾಕಿ, ಕಿಟಕಿ ಮುಚ್ಚಿ, ಉಸಿರು ಹಿಡಿದು ಕೇಳಿದಳು. ಜೋಲಿ ಅಲ್ಲಾಡಲಿಲ್ಲ. ನನ್ನ ಕಡೆ ತಿರುಗಿ, ತುಟಿ ಮಾತ್ರ ಆಡಿಸಿ, "ಸೂಪರ್ ಕಣವ್ವ" ಎಂದಳು. ಸದ್ದು ಮಾಡದೆ ಹೇಳಿದ್ದು ನನಗೆ ಕೂಗಿ ಹೇಳಿದ ಹಾಗೆ ಕೇಳಿಸಿತು.

ಆದರೆ ಕವಲಂದೆಯ ಮಾತು ಹಾಗೇ ಇತ್ತು. ಅವಳು ಟೈಪಿಗೆ ಕೂತಳು. ನಾನು ಪೊಟ್ಟಣದ ಹುರಿದಾರ ಬಿಚ್ಚಿ, ಒಂದು ತುದಿಯನ್ನು ಮಗುವಿನ ಕೈಗೆ ಎಟುಕದ ಹಾಗೆ ಜೋಲಿಯ ಮೇಲುಗಂಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿ, ಚಾಪೆಯ ಮೇಲೆ ಉರುಳಿಕೊಂಡೆ. ಅವಳು ತಿರುಗಿ ನೋಡಿದಳು.

"ಇದೇನವ್ವ, ಅಸೂನ ಗೂಟಕ್ಕೆ ಕಟ್ದಂಗೆ?"

"ನಿನ್ನ ಸಾಕಿದ್ದು ಇಂಗೇಯ. ಶೆಡ್ಡಿಂದ ಬಂದ್ರೆ ಕಣ್ ಬುಡಕಾಗ್ತಿರ್ಲಿಲ್ಲ. ದಾರ ಕಟ್ಕೊಂಡು ಮನಿಕೊತಿದ್ದೆ. ನೀ ಕಾಲ್ ಆಡ್ಸುದ್ರೆ ಸಾಕು, ಎಚ್ರ ಆಯ್ತಿತ್ತು."

ಅವಳು ಮತ್ತೆ ಟೈಪು ಮಾಡತೊಡಗಿದಳು. ನಾನು ಕಣ್ಣು ಮುಚ್ಚಿದೆ. ಪರೀಕ್ಷೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೂ ಇಬ್ಬರಿಗೂ ಗೊತ್ತಿತ್ತು. ಮೈಯೋ ಹಸಿಮಣ್ಣಿನ ಮುದ್ದೆಯಂತೆ ಚಾಪೆಗೆ ಅಂಟಿತ್ತು. ನಿದ್ದೆ ಬಂದೇಬಿಟ್ಟಿತು.

ಎಷ್ಟು ಹೊತ್ತಾಯಿತೋ. ಹೆಬ್ಬೆರಳಲ್ಲಿ ಸಣ್ಣದೊಂದು ಎಳೆತ. ಎಳೆ ಕೀಳುವ ಮೊದಲು ಕದಿರು ನಡುಗುತ್ತದಲ್ಲ, ಅಷ್ಟೇ. ಎದ್ದು ಕೂತು, ಕೈ ಚಾಚಿ ಜೋಲಿ ಸರಿಸಿದೆ. ಮಗು ಕಣ್ಣು ಬಿಟ್ಟು ಮೇಲೆ ನೋಡುತ್ತಿತ್ತು. ಇನ್ನೂ ಅಳುವ ಯೋಚನೆ ಮಾಡಿರಲಿಲ್ಲ. ನನ್ನ ಮುಖ ಕಂಡು, ಎಡಗೆನ್ನೆಯಲ್ಲಿ ಗುಳಿ.

ಮಗಳು ಕೀಬೋರ್ಡಿನ ಮೇಲೆ ಕೈ ಹಾಗೇ ಇಟ್ಟುಕೊಂಡು ನೋಡುತ್ತಿದ್ದಳು. "ನಂಗೇ ಗೊತ್ತಾಗ್ಲಿಲ್ವಲ್ಲವ್ವ, ಎದ್ದವ್ಳೆ ಅಂತ!"

"ನಿಂಗ್ಯಾಕ್ ಗೊತ್ತಾಗ್ಬೇಕು? ನೀ ನಿನ್ನ ಪತ್ರದ ಚೆಕ್ಕುಬಂದಿ ನೋಡ್ಕೊ."

ಅವಳು ನಕ್ಕಳು. ಆಮೇಲೆ ಬೆರಳೆತ್ತಿ, "ಕಿವಿ ಡಾಕ್ಟ್ರಿಗೆ ತೋರಿಸ್ಬೇಕು, ಮೈಸೂರಿಗೋಗಿ. ಅದು ಬುಟ್ರೆ ಕೇಳಲ್ಲ ನಾನು" ಎಂದಳು. ಇನ್ನೊಂದು ಬಸ್ಸು. ಆಯಿತೆಂದೆ.

ಸಂಜೆ ಅವಳು ಬಾಗಿಲ ಹತ್ತಿರ ನಿಂತು ಕವಲಂದೆಗೆ ಫೋನು ಮಾಡಿದಳು. ಅಷ್ಟು ದೂರದ ಮಾತು ನನಗೆ ಕೇಳದು. ಆದರೆ ಮುಖ ನನ್ನ ಕಡೆಗೇ ಇತ್ತು. ಬೇಕೆಂದೇ ಹಾಗೆ ನಿಂತಿದ್ದಳೇನೋ. "ಬ್ಯಾಡ ಅತ್ತೆ, ಅವ್ವ ನೋಡ್ಕೊತಾಳೆ. ಅಬ್ಬಕ್ ಬನ್ನಿ" ಎಂದು ತುಟಿ ಹೇಳಿತು. ನಾನು ಸೊಪ್ಪು ಬಿಡಿಸುತ್ತ, ಏನೂ ತಿಳಿಯದವಳಂತೆ ತಲೆ ತಗ್ಗಿಸಿದೆ. ತಟ್ಟೆಯಲ್ಲಿದ್ದ ಸೊಪ್ಪು ಮಂಜುಮಂಜಾಯಿತು.

ಅಷ್ಟರಲ್ಲಿ, ಕಾಲಿಗೆ ಕಟ್ಟಿಕೊಂಡೇ ಇದ್ದ ದಾರ ಹೆಬ್ಬೆರಳನ್ನು ಎಳೆಯಿತು. ಮೊಣಕಾಲು ಆಗುವುದಿಲ್ಲ ಎಂದಿತು. ಎದ್ದೆ.